ಯಂತ್ರ ಬದಲಾದರೂ ಪ್ರೋಗ್ರಾಂ ಉಳಿಯಲೆಂದು ದುಡಿದ ಗ್ರೇಸ್ ಹಾಪರ್

ವಿಂಡೋಸ್, ಲಿನಕ್ಸ್, ಮ್ಯಾಕ್ ಮೂರರಲ್ಲೂ ನಡೆಯಬೇಕಾದ ತಂತ್ರಾಂಶವನ್ನು ಯಾವ ಭಾಷೆಯಲ್ಲಿ ಬರೆಯುವುದು, ಯಾವ ಸಲಕರಣೆಗಳನ್ನು ನೆಚ್ಚುವುದು ಎಂದು ಪ್ರೋಗ್ರಾಮರುಗಳು ಇಂದಿಗೂ ತಲೆ ಕೆಡಿಸಿಕೊಳ್ಳುತ್ತಾರೆ. 1950ರ ದಶಕದಲ್ಲಿ ಆ ಚಿಂತೆಗೂ ಅವಕಾಶವಿರಲಿಲ್ಲ. ಕಂಪ್ಯೂಟರ್ ಕೊಂಡವರು ಅದರ ತಯಾರಕರು ಗೊತ್ತುಮಾಡಿದ ಸಂಕೇತಗಳಿಗೂ ಕಟ್ಟುಬಿದ್ದಂತೆಯೇ. ಬೇರೆ ಕಂಪನಿಯ ಯಂತ್ರ ತಂದ ದಿನ ಹಳೆಯ ಪ್ರೋಗ್ರಾಂಗಳನ್ನೆಲ್ಲ ಮೊದಲಿನಿಂದ ಬರೆಯಬೇಕಿತ್ತು. ಈ ಕಟ್ಟನ್ನು ಬಿಡಿಸಲು ಮೂರು ದಶಕಗಳ ಕಾಲ ಶ್ರಮಿಸಿದವರಲ್ಲಿ ಪ್ರಮುಖರು ಅಮೆರಿಕದ ಗಣಿತಜ್ಞೆ, ನೌಕಾಪಡೆಯ ಅಧಿಕಾರಿ ಗ್ರೇಸ್ ಮರೆ ಹಾಪರ್.

1906ರ ಡಿಸೆಂಬರ್ 9ರಂದು ನ್ಯೂಯಾರ್ಕ್‌ನಲ್ಲಿ ಜನಿಸಿದ ಅವರು ವಾಸರ್ ಕಾಲೇಜಿನಲ್ಲಿ ಓದಿ, 1934ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಗಣಿತದಲ್ಲಿ ಡಾಕ್ಟರೇಟ್ ಪಡೆದರು. ಎರಡನೇ ಮಹಾಯುದ್ಧ ಬಂದಾಗ ವಾಸರ್‌ನಲ್ಲೇ ಅಧ್ಯಾಪಕಿ. ನೌಕಾಪಡೆ ಸೇರಲು ವಯಸ್ಸು ಮೀರಿತ್ತು, ತೂಕವೂ ಸಾಲದಾಗಿತ್ತು. ವಿಶೇಷ ಅನುಮತಿ ಪಡೆದು 1943ರಲ್ಲಿ ಮೀಸಲು ದಳ ಸೇರಿದ ಅವರನ್ನು ಕಳುಹಿಸಿದ್ದು ಹಡಗಿಗಲ್ಲ, ಹಾರ್ವರ್ಡ್‌ನ ಮಾರ್ಕ್-1 ಎಂಬ 51 ಅಡಿ ಉದ್ದದ ಲೆಕ್ಕದ ಯಂತ್ರದ ಮುಂದೆ.

ಅಲ್ಲಿ ಪ್ರೋಗ್ರಾಮರುಗಳು ಪದೇಪದೇ ಬೇಕಾಗುವ ಲೆಕ್ಕದ ಸೂಚನೆಗಳನ್ನು ನೋಟ್‌ಪುಸ್ತಕಗಳಲ್ಲಿ ಬರೆದಿಟ್ಟುಕೊಂಡು, ಒಬ್ಬರದನ್ನೊಬ್ಬರು ನಕಲು ಮಾಡುತ್ತಿದ್ದರು. ನಕಲಿನಲ್ಲಿ ತಪ್ಪುಗಳು ನುಸುಳುತ್ತಿದ್ದವು. ಈ ನಕಲು ಮಾಡುವ ಕೆಲಸವನ್ನು ಯಂತ್ರಕ್ಕೇ ಏಕೆ ವಹಿಸಬಾರದು ಎಂಬ ಪ್ರಶ್ನೆಯೇ ಮುಂದಿನ ಎಲ್ಲಕ್ಕೂ ಮೂಲವಾಯಿತು. 1949ರಲ್ಲಿ ಯೂನಿವ್ಯಾಕ್ ಕಂಪ್ಯೂಟರ್ ತಯಾರಿಸುತ್ತಿದ್ದ ಎಕರ್ಟ್-ಮಾಕ್ಲಿ ಕಂಪನಿ ಸೇರಿದ ಹಾಪರ್, 1952ರ ವೇಳೆಗೆ ಎ-0 ಎಂಬ ಕಂಪೈಲರ್ ಸಿದ್ಧಪಡಿಸಿದರು. ಇಂದಿನ ಕಂಪೈಲರ್‌ಗಳಿಗೆ ಹೋಲಿಸಿದರೆ ಅದು ತೀರ ಸರಳವಾದದ್ದು. ಸಂಗ್ರಹದಲ್ಲಿದ್ದ ತುಣುಕುಗಳನ್ನು ಹುಡುಕಿ ಜೋಡಿಸುತ್ತಿತ್ತು, ಅಷ್ಟೆ.

ಅವರ ನಿಜವಾದ ಸಾಹಸ ಫ್ಲೋ-ಮ್ಯಾಟಿಕ್. ಲೆಕ್ಕಪತ್ರದ ಗುಮಾಸ್ತರಿಗೆ ಬೀಜಗಣಿತದ ಚಿಹ್ನೆಗಳು ಬೇಡ, ಸಾಧಾರಣ ಇಂಗ್ಲಿಷ್ ಪದಗಳು ಸಾಕು ಎಂಬುದು ಅವರ ನಿಲುವು. ಮೇಲಧಿಕಾರಿಗಳನ್ನು ಒಪ್ಪಿಸಲೆಂದು ಫ್ರೆಂಚ್ ಮತ್ತು ಜರ್ಮನ್ ಪದಗಳಲ್ಲೂ ಅದೇ ಪ್ರೋಗ್ರಾಂ ನಡೆಸಿ ತೋರಿಸಿದರು. ಅಮೆರಿಕದ ಕಂಪ್ಯೂಟರಿಗೆ ಪರಭಾಷೆ ತಿಳಿಯುವುದು ಹೇಗೆಂದು ಗಾಬರಿಬಿದ್ದ ಅಧಿಕಾರಿಗಳಿಗೆ, ಇನ್ನು ಇಂಗ್ಲಿಷ್ ಮಾತ್ರ ಎಂದು ಮಾತು ಕೊಡಬೇಕಾಯಿತಂತೆ! ಯಂತ್ರಕ್ಕೆ ಎಲ್ಲವೂ ಬರಿಯ ಗುರುತುಗಳೇ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಆದರೆ ಫ್ಲೋ-ಮ್ಯಾಟಿಕ್ ಕೂಡ ಯೂನಿವ್ಯಾಕ್‌ನ ಭಾಷೆಯೇ. ಐಬಿಎಂ ತನ್ನದೇ ಭಾಷೆ ರೂಪಿಸುತ್ತಿತ್ತು. ಆ ಹೊತ್ತಿಗೆ ಅಮೆರಿಕದ ರಕ್ಷಣಾ ಇಲಾಖೆಯಲ್ಲಿ 225 ಕಂಪ್ಯೂಟರ್‌ಗಳಿದ್ದವು, ಇನ್ನೂ 175ಕ್ಕೆ ಬೇಡಿಕೆ ಹೋಗಿತ್ತು. ಪ್ರೋಗ್ರಾಂಗಳಿಗೆಂದೇ 20 ಕೋಟಿ ಡಾಲರ್‌ಗೂ ಹೆಚ್ಚು ವ್ಯಯವಾಗಿತ್ತು. 1959ರ ಮೇ ತಿಂಗಳಲ್ಲಿ ಪೆಂಟಗನ್‌ನಲ್ಲಿ ತಯಾರಕರೂ ಬಳಕೆದಾರರೂ ಸೇರಿ ಸಾಮಾನ್ಯ ವ್ಯಾವಹಾರಿಕ ಭಾಷೆಯೊಂದಕ್ಕೆ ಒಪ್ಪಿದರು. ಅದೇ ಕೋಬಾಲ್. ಹಾಪರ್ ಅವರನ್ನು ಅದರ ತಾಯಿ ಎಂದು ಕರೆಯುವ ರೂಢಿ ಇದೆಯಾದರೂ ಅದು ಪೂರ್ತಿ ಸರಿಯಲ್ಲ. ಭಾಷೆಯನ್ನು ರೂಪಿಸಿದ ಸಮಿತಿಯಲ್ಲಿ ಜೀನ್ ಸ್ಯಾಮೆಟ್ ಮೊದಲಾದವರು ದುಡಿದಿದ್ದರು. ಹಾಪರ್ ಸಲಹೆಗಾರರು, ಫ್ಲೋ-ಮ್ಯಾಟಿಕ್ ಅದಕ್ಕೆ ಬುನಾದಿ.

1960ರ ಡಿಸೆಂಬರ್ 6 ಮತ್ತು 7ರಂದು ಹೆಚ್ಚುಕಡಿಮೆ ಒಂದೇ ಕೋಬಾಲ್ ಪ್ರೋಗ್ರಾಂ ಆರ್‌ಸಿಎ ಕಂಪನಿಯ ಯಂತ್ರದಲ್ಲೂ ಪ್ರತಿಸ್ಪರ್ಧಿ ರೆಮಿಂಗ್ಟನ್ ರ್‍ಯಾಂಡ್‌ನ ಯೂನಿವ್ಯಾಕ್‌ನಲ್ಲೂ ನಡೆಯಿತು. ಕಂಪ್ಯೂಟರ್ ಚರಿತ್ರೆಯಲ್ಲಿ ಈ ಎರಡು ದಿನಗಳಿಗೆ ಸಲ್ಲಬೇಕಾದ ಸ್ಥಾನ ಸಂದಿಲ್ಲ. ಮಾರ್ಕ್-2 ಯಂತ್ರದೊಳಗೆ ಸಿಕ್ಕಿಬಿದ್ದ ಪತಂಗದ ಕಥೆಯೇ ಜನರ ಬಾಯಲ್ಲಿ ಉಳಿದಿದೆ. ವಾಸ್ತವವಾಗಿ ಅದನ್ನು ಹಿಡಿದವರು ಹಾಪರ್ ಅಲ್ಲ, ಕಥೆಯನ್ನು ಸ್ವಾರಸ್ಯವಾಗಿ ಹೇಳಿ ಹಬ್ಬಿಸಿದವರು ಅವರು.

ಒಪ್ಪಂದವಾದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕೋಬಾಲ್ ಎಂಬ ಹೆಸರಿನಲ್ಲೇ ಒಂದೊಂದು ಕಂಪನಿ ಒಂದೊಂದು ಬಗೆಯ ಭಾಷೆ ಕೊಡತೊಡಗಿತು. ಕಾಗದದ ಮೇಲೆ ಭಾಷೆ ಒಂದೇ, ಯಂತ್ರದ ಮೇಲೆ ಹಲವು. 1966ರ ಕೊನೆಗೆ ನಿವೃತ್ತರಾಗಿದ್ದ ಹಾಪರ್ ಅವರನ್ನು ನೌಕಾಪಡೆ 1967ರ ಆಗಸ್ಟ್‌ನಲ್ಲಿ ಆರು ತಿಂಗಳ ಮಟ್ಟಿಗೆಂದು ವಾಪಸು ಕರೆಸಿಕೊಂಡದ್ದು ಈ ಗೊಂದಲ ಬಿಡಿಸಲು. ಅವರ ತಂಡ ಪರೀಕ್ಷಾ ಪ್ರೋಗ್ರಾಂಗಳನ್ನು ರಚಿಸಿತು. ತಯಾರಕರ ಕಂಪೈಲರ್ ನಿಗದಿತ ಭಾಷೆಯನ್ನು ನಿಜಕ್ಕೂ ಪಾಲಿಸುತ್ತದೆಯೇ ಎಂಬುದು ಕಂಪನಿಯ ಮಾತಿನಿಂದಲ್ಲ, ಯಂತ್ರದ ಮೇಲೆಯೇ ತೀರ್ಮಾನವಾಗತೊಡಗಿತು. ಹೆಸರು ತರುವ ಕೆಲಸವಲ್ಲ ಇದು. ಆದರೆ ಇದಿಲ್ಲದೆ ಸಾಮಾನ್ಯ ಭಾಷೆ ಎಂಬುದು ಬರಿಯ ಘೋಷಣೆಯಾಗಿ ಉಳಿಯುತ್ತಿತ್ತು. ಮುಂದೆ ಇತರ ಸರ್ಕಾರಿ ಸಂಸ್ಥೆಗಳೂ ಇದೇ ಕ್ರಮವನ್ನು ಅನುಸರಿಸಿದವು.

ಆ ಆರು ತಿಂಗಳು ಹತ್ತೊಂಬತ್ತು ವರ್ಷಗಳಾದವು. ರಿಯರ್ ಅಡ್ಮಿರಲ್ ಹುದ್ದೆಗೇರಿದ ಹಾಪರ್ 1986ರಲ್ಲಿ, 79ನೇ ವಯಸ್ಸಿನಲ್ಲಿ, ಬಾಸ್ಟನ್‌ನಲ್ಲಿ ಕಾನ್‌ಸ್ಟಿಟ್ಯೂಷನ್ ನೌಕೆಯ ಮೇಲೆ ಸೇವೆಯಿಂದ ಬೀಳ್ಕೊಂಡರು. ಬಳಿಕವೂ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಸಲಹೆಗಾರರಾಗಿ ದುಡಿದು, 1992ರ ಜನವರಿ 1ರಂದು ನಿಧನರಾದರು.

ಯಂತ್ರಗಳು ಗುಜರಿ ಸೇರಿದರೂ ಕೋಬಾಲ್ ಪ್ರೋಗ್ರಾಂಗಳು ಬ್ಯಾಂಕು, ವಿಮಾ ಕಚೇರಿಗಳಲ್ಲಿ ಉಳಿದೇ ಇದ್ದವು. ಅವುಗಳಲ್ಲಿ ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿದ್ದರಿಂದ 2000ನೇ ಇಸವಿ ಸಮೀಪಿಸಿದಾಗ ವೈಟೂಕೆ ಭೀತಿ ಹುಟ್ಟಿತು. ಹಾಪರ್ ತೀರಿಕೊಂಡ ಕೆಲವೇ ವರ್ಷಗಳಲ್ಲಿ ಬೆಂಗಳೂರಿನ ನೂರಾರು ಯುವ ಪ್ರೋಗ್ರಾಮರುಗಳು ತಮ್ಮ ವಯಸ್ಸಿಗಿಂತ ಹಳೆಯ ಆ ಸಾಲುಗಳನ್ನು ತಿದ್ದಲು ಕುಳಿತರು.