ಮಾತು ನಿಂತವರ ಬಳಿ ನಿಂತ ಸಂತ ಕಮಿಲ್ಲಸ್

ಜುಲೈ 14ರಂದು ಧರ್ಮಸಭೆಯು ರೋಗಿಗಳ ಹಾಗೂ ದಾದಿಯರ ಪಾಲಕ ಸಂತ ಕಮಿಲ್ಲಸ್ ದೆ ಲೆಲ್ಲಿಸರನ್ನು ಸ್ಮರಿಸುತ್ತದೆ. 1550ರಲ್ಲಿ ಇಟಲಿಯ ಬುಕ್ಕಿಯಾನಿಕೊದಲ್ಲಿ ಜನಿಸಿದ ಇವರು ಯೌವನದಲ್ಲಿ ಸೈನಿಕರಾಗಿದ್ದರು. ಜೂಜಿನಲ್ಲಿ ಸರ್ವಸ್ವವನ್ನೂ ಕಳೆದುಕೊಂಡರು. ಕಾಲಿನ ಹುಣ್ಣೊಂದು ಜೀವನಪರ್ಯಂತ ಇವರನ್ನು ಬಾಧಿಸಿತು. 1575ರಲ್ಲಿ ಕಪುಚಿನ್ ಮಠದ ಕಟ್ಟಡದಲ್ಲಿ ಕೂಲಿ ಮಾಡುತ್ತಿದ್ದಾಗ ದೇವರ ಕೃಪೆ ಇವರ ಹೃದಯವನ್ನು ತಟ್ಟಿತು. ಮಠವನ್ನು ಸೇರಲು ಹುಣ್ಣು ಅಡ್ಡಿಯಾಯಿತು. ಆ ಅಡ್ಡಿಯೇ ಇವರನ್ನು ರೋಮಿನ ಸಂತ ಯಾಕೋಬರ ಆಸ್ಪತ್ರೆಗೆ ಮರಳಿಸಿತು.

ಅಲ್ಲಿನ ಕೂಲಿಯಾಳುಗಳ ಅಸಡ್ಡೆಯನ್ನು ಕಂಡು ಕಮಿಲ್ಲಸರು ಮರುಗಿದರು. ದೇವರ ಮೇಲಣ ಪ್ರೀತಿಯಿಂದಲೇ ಸೇವೆ ಮಾಡುವವರನ್ನು ಒಟ್ಟುಗೂಡಿಸಿದರು. ವಯಸ್ಸು ಮೀರಿದ್ದರೂ ಬಾಲಕರೊಡನೆ ಕುಳಿತು ಲತೀನ್ ಕಲಿತು, 1584ರಲ್ಲಿ ಗುರುದೀಕ್ಷೆ ಪಡೆದರು. 1586ರಲ್ಲಿ ಜಗದ್ಗುರು ಐದನೆಯ ಸಿಕ್ಸ್ತುಸರು ಈ ಸಂಘಕ್ಕೆ ಮನ್ನಣೆಯನ್ನೂ ನಿಲುವಂಗಿಯ ಮೇಲೆ ಕೆಂಪು ಶಿಲುಬೆಯನ್ನೂ ದಯಪಾಲಿಸಿದರು. ಒಬ್ಬನೇ ಮಗ ಕಾಯಿಲೆ ಬಿದ್ದಾಗ ತಾಯಿ ಮಾಡುವ ಆರೈಕೆಯೇ ಈ ಸಂಘದ ಆದರ್ಶವಾಯಿತು. ಮಗುವಿನ ಅಗತ್ಯವನ್ನು ಅರಿಯಲು ತಾಯಿಗೆ ಮಾತು ಬೇಕಿಲ್ಲವಷ್ಟೆ.

ಮನುಷ್ಯನಿಗೆ ಮಾತ್ರ ಮಾತಿನ ಶಕ್ತಿಯುಂಟೆಂದು ತತ್ತ್ವಜ್ಞಾನಿ ಅರಿಸ್ಟಾಟಲ್ ವಿವೇಚಿಸಿದ್ದಾನೆ. ಹಾಗಾದರೆ ಮಾತು ನಿಂತವನ ಮನುಷ್ಯತ್ವ ಕುಂದಿತೇ? ಕಮಿಲ್ಲಸರು ಇದಕ್ಕೆ ಕೃತಿಯಿಂದಲೇ ಉತ್ತರವಿತ್ತರು. ಉಸಿರು ನಿಂತಂತೆ ತೋರಿದರೂ ಒಡನೆಯೇ ಮುಖಕ್ಕೆ ಮುಸುಕೆಳೆಯಕೂಡದು, ಇನ್ನೂ ಕಾಲು ಗಂಟೆ ಬಳಿಯಲ್ಲೇ ಇದ್ದು ಪ್ರಾರ್ಥಿಸಬೇಕು ಎಂದು ತಮ್ಮವರಿಗೆ ವಿಧಿಸಿದರು. ಜೀವವಿರುವಾಗಲೇ ಕೆಲವರನ್ನು ಸಮಾಧಿ ಮಾಡುತ್ತಿದ್ದ ಕಾಲವದು.

ಇಂದಿನ ತೀವ್ರ ನಿಗಾ ಘಟಕದಲ್ಲಿ ಉಸಿರಾಟದ ನಳಿಕೆ ಧ್ವನಿತಂತುಗಳ ನಡುವೆ ಹಾದುಹೋಗುವುದರಿಂದ ರೋಗಿಗೆ ಮಾತು ಹೊರಡದು. ಆದರೂ ಅನೇಕರು ಕೇಳಬಲ್ಲರು, ಅರಿಯಬಲ್ಲರು. ನಿಪುಣ ದಾದಿಯರು ಹೆಸರು ಹಿಡಿದು ಕರೆಯುತ್ತಾರೆ. ಮಾಡಲಿರುವ ಕೆಲಸವನ್ನು ಮೊದಲೇ ತಿಳಿಸುತ್ತಾರೆ. ಹೌದು, ಅಲ್ಲ ಎಂಬ ಉತ್ತರವನ್ನು ರೆಪ್ಪೆ ಮಿಟುಕಿಸಿಯೋ ಕೈ ಅದುಮಿಯೋ ಸೂಚಿಸುವಂತೆ ಕೇಳುತ್ತಾರೆ. ಅಕ್ಷರದ, ಚಿತ್ರದ ಫಲಕವನ್ನು ಮುಂದೆ ಹಿಡಿಯುತ್ತಾರೆ. ನಾವಾದರೋ ಎಷ್ಟೋ ಸಲ ಅದೇ ಮಂಚದ ಬಳಿ ನಿಂತು, ರೋಗಿ ಅಲ್ಲಿಲ್ಲವೆಂಬಂತೆ ಖರ್ಚಿನ ಮಾತನ್ನೋ ಆಸ್ತಿಯ ಮಾತನ್ನೋ ಆಡುತ್ತೇವೆ.

1614ರ ಜುಲೈ 14ರಂದು ಕಮಿಲ್ಲಸರು ರೋಮಿನಲ್ಲಿ ದೈವಾಧೀನರಾದರು. 1746ರಲ್ಲಿ ಸಂತ ಪದವಿಗೇರಿದರು. 1886ರಲ್ಲಿ ರೋಗಿಗಳ, 1930ರಲ್ಲಿ ದಾದಿಯರ ಪಾಲಕರೆಂದು ಘೋಷಿತರಾದರು.

ಪ್ರಿಯ ಕುಟುಂಬಗಳೇ, ನಮ್ಮವರು ಮಾತಿಲ್ಲದೆ ಮಲಗಿರುವಾಗ ದಾದಿಯ ಅನುಮತಿ ಪಡೆದು ಅವರ ಕೈ ಹಿಡಿಯೋಣ. ಬಂದವರು ಯಾರೆಂದು ಹೇಳೋಣ. ಅವರು ಬಲ್ಲ ಪ್ರಾರ್ಥನೆಯನ್ನು ಕಿವಿಯ ಬಳಿ ಮೆಲ್ಲನೆ ಜಪಿಸೋಣ. ಉತ್ತರ ಬಾರದಿದ್ದರೂ ನಮ್ಮ ಮಾತು ನಿಲ್ಲದಿರಲಿ.