ನೋಟವೂ ಲಕ್ಷ್ಯವೂ: ಹೆಲ್ಮ್‌ಹೋಲ್ಟ್ಸ್ ಪಂಡಿತನ ಚರಿತ್ರೆ

ಪಾಠವನ್ನು ಕಂಠಪಾಠ ಮಾಡಲಾರದ ಮಗುವನ್ನು ಮಂದಮತಿಯೆಂದು ಎಣಿಸುವುದು ನಮ್ಮಲ್ಲಿ ವಾಡಿಕೆ. ಅಂಥ ಬಾಲಕನೊಬ್ಬನು ಮುಂದೆ ಲೋಕಪ್ರಸಿದ್ಧ ಶಾಸ್ತ್ರಜ್ಞನಾಗಿ, ಮನಸ್ಸಿನ ಲಕ್ಷ್ಯವು ಕೆಲಸಮಾಡುವ ಬಗೆಯನ್ನೇ ತೋರಿಸಿಕೊಟ್ಟ ಚರಿತ್ರೆಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರೂ ಮಕ್ಕಳ ತಾಯಿತಂದೆಗಳೂ ಅರಿಯುವುದು ಹಿತಕರವು.

ಹರ್ಮನ್ ಹೆಲ್ಮ್‌ಹೋಲ್ಟ್ಸನು 1821ನೆಯ ಇಸವಿ ಆಗಸ್ಟ್ 31ರಂದು ಜರ್ಮನಿ ದೇಶದ ಪಾಟ್ಸ್‌ಡಾಮ್ ಪಟ್ಟಣದಲ್ಲಿ ಜನಿಸಿದನು. ತಂದೆಯು ಪ್ರೌಢಶಾಲೆಯ ಉಪಾಧ್ಯಾಯನು. ಬಾಲಕನು ಏಳು ವರ್ಷದವರೆಗೆ ರೋಗಿಷ್ಠನಾಗಿ ಬಹುಕಾಲ ಮನೆಯೊಳಗೇ ಇದ್ದು, ಮರದ ತುಂಡುಗಳನ್ನು ಜೋಡಿಸಿ ಆಡುತ್ತಾ ರೇಖಾಗಣಿತದ ಅನೇಕ ತತ್ತ್ವಗಳನ್ನು ತಾನಾಗಿಯೇ ಗ್ರಹಿಸಿದನು. ಶಾಲೆಯಲ್ಲಾದರೋ ಎಡಬಲಗಳ ಭೇದವೇ ಅವನಿಗೆ ಕಷ್ಟ. ಒಂದಕ್ಕೊಂದು ಸಂಬಂಧವಿಲ್ಲದ ಶಬ್ದಗಳನ್ನು ಜ್ಞಾಪಕದಲ್ಲಿಡುವುದು ಇನ್ನೂ ಕಷ್ಟ. ಪದ್ಯಗಳು ಮಾತ್ರ ಛಂದಸ್ಸಿನ ಬಲದಿಂದ ಮನಸ್ಸಿನಲ್ಲಿ ನಿಲ್ಲುತ್ತಿದ್ದವು.

ಭೌತಶಾಸ್ತ್ರವನ್ನು ಓದಲು ಆಸೆಯಿದ್ದರೂ ಮನೆಯಲ್ಲಿ ಹಣವಿರಲಿಲ್ಲ. ಆದುದರಿಂದ ಸೈನ್ಯದಲ್ಲಿ ವೈದ್ಯನಾಗಿ ದುಡಿಯುವ ಕರಾರಿನ ಮೇಲೆ ಬರ್ಲಿನ್ನಿನಲ್ಲಿ ವೈದ್ಯವನ್ನು ಕಲಿತನು. 1847ರಲ್ಲಿ ಶಕ್ತಿಯು ನಾಶವಾಗುವುದಿಲ್ಲವೆಂಬ ತತ್ತ್ವವನ್ನು ಪ್ರತಿಪಾದಿಸಿದನು. ಕೆಲವು ವರ್ಷಗಳಲ್ಲಿಯೇ ಕಪ್ಪೆಯ ನರದಲ್ಲಿ ಸಂವೇದನೆಯು ಸೆಕೆಂಡಿಗೆ ಸುಮಾರು 27 ಮೀಟರು ವೇಗದಿಂದ ಹರಿಯುವುದೆಂದು ಅಳೆದು ತೋರಿಸಿದನು. ಜೀವಂತ ಕಣ್ಣಿನ ಒಳಗನ್ನು ವೈದ್ಯರು ನೋಡುವ ಉಪಕರಣವನ್ನು 1851ರಲ್ಲಿ ಪ್ರಕಟಿಸಿದನು.

ಆತನ ಇನ್ನೊಂದು ಪ್ರಯೋಗವು ಉಪಾಧ್ಯಾಯರಿಗೆ ಇವೆಲ್ಲಕ್ಕಿಂತಲೂ ಅಮೂಲ್ಯವಾದುದು. ಕಗ್ಗತ್ತಲೆಯ ಪೆಟ್ಟಿಗೆಯಲ್ಲಿ ಅಕ್ಷರಗಳುಳ್ಳ ಹಾಳೆಯನ್ನಿಟ್ಟು, ಅದರಲ್ಲಿ ಸೂಜಿಯಿಂದ ಚುಚ್ಚಿದ ಒಂದು ಚುಕ್ಕೆಯ ಮೇಲೆ ದೃಷ್ಟಿಯನ್ನು ನೆಟ್ಟನು. ಕಣ್ಣನ್ನು ಕದಲಿಸದೆ, ಹಾಳೆಯ ಒಂದು ಭಾಗದ ಕಡೆಗೆ ಮನಸ್ಸನ್ನು ಮಾತ್ರ ತಿರುಗಿಸಿದನು. ಬಳಿಕ ವಿದ್ಯುತ್ತಿನ ಕಿಡಿಯೊಂದು ಹಾರಲು ಹಾಳೆಯೆಲ್ಲವೂ ಕ್ಷಣಮಾತ್ರ ಬೆಳಗಿತು. ಅಷ್ಟರಲ್ಲಿ ಕಣ್ಣು ಹೊರಳಲು ಸಮಯವೆಲ್ಲಿ? ಆದರೂ ಮನಸ್ಸಿಟ್ಟ ಭಾಗದ ಅಕ್ಷರಗಳು ತಿಳಿದವು; ಉಳಿದವು ತಿಳಿಯಲಿಲ್ಲ. ಮುಂದಿನ ಕಿಡಿಗೆ ಮನಸ್ಸನ್ನು ಬೇರೆಡೆ ತಿರುಗಿಸಲು, ಅಲ್ಲಿಯ ಅಕ್ಷರಗಳು ತಿಳಿದವು. ನೋಟವು ಬೇರೆ, ಲಕ್ಷ್ಯವು ಬೇರೆ ಎಂಬುದು ಇದರಿಂದ ಸಿದ್ಧವಾಯಿತು.

1894ನೆಯ ಸೆಪ್ಟೆಂಬರ್ 8ರಂದು ಆತನು ಕಾಲವಾದನು. ಆತನು ತೆರೆದ ದಾರಿಯಲ್ಲಿ ಶಾಸ್ತ್ರಜ್ಞರು ಮುಂದೆ ನಡೆದು, ಚಿತ್ರವು ಕಣ್ಮರೆಯಾದ ಮೇಲೆಯೂ ಮಿದುಳು ಜ್ಞಾಪಕದೊಳಗಿನ ಚಿತ್ರದಲ್ಲಿ ಲಕ್ಷ್ಯವನ್ನು ಒಂದೆಡೆಯಿಂದ ಇನ್ನೊಂದೆಡೆಗೆ ತಿರುಗಿಸಬಲ್ಲುದೆಂದು 2003ರ ಸುಮಾರಿಗೆ ತೋರಿಸಿದರು. ಸಾವನದುರ್ಗದ ಚಿತ್ರವನ್ನು ತರಗತಿಗೆ ತೋರಿಸಿ ಮರೆಮಾಡಿರೆಂದುಕೊಳ್ಳಿ. ಒಡನೆಯೇ ಬೆಟ್ಟದ ಬುಡವನ್ನು ನೆನೆಯಿರೆಂದು ಹೇಳಿದರೆ, ಬಾಲಕಿಯ ಮನಸ್ಸು ಅಲ್ಲಿಗೆ ತಿರುಗಿ ಆ ಭಾಗವನ್ನು ಭದ್ರವಾಗಿ ಹಿಡಿಯುತ್ತದೆ. ಈ ಕ್ಷಣಿಕ ಜ್ಞಾಪಕದಲ್ಲಿ ಒಮ್ಮೆಗೆ ಮೂರು ನಾಲ್ಕು ವಸ್ತುಗಳಿಗಿಂತ ಹೆಚ್ಚು ನಿಲ್ಲುವುದು ಅಪರೂಪ. ಮಿದುಳಿನ ಮುಂಭಾಗವೂ ಮೇಲಣ ಪಾರ್ಶ್ವಭಾಗವೂ ಕೂಡಿ ಈ ಲಕ್ಷ್ಯವನ್ನು ನಡೆಸುತ್ತವೆ.

ತಾಯಿತಂದೆಗಳೇ, ಮಗಳು ಪುಸ್ತಕದ ಮೇಲೆ ಕಣ್ಣಿಟ್ಟ ಮಾತ್ರಕ್ಕೆ ಓದುತ್ತಿರುವಳೆಂದು ತೃಪ್ತರಾಗಬೇಡಿರಿ. ಮರೆತ ಮಾತ್ರಕ್ಕೆ ದಡ್ಡಿಯೆಂದು ಜರೆಯಲೂ ಬೇಡಿರಿ. ಒಮ್ಮೆಗೆ ಸ್ವಲ್ಪವನ್ನೇ ಮುಂದಿಟ್ಟು, ಎಲ್ಲಿ ಮನಸ್ಸಿಡಬೇಕೆಂಬುದನ್ನು ಪ್ರೀತಿಯಿಂದ ತೋರಿಸಿರಿ. ಶಬ್ದಗಳ ಪಟ್ಟಿಯನ್ನು ನೆನಪಿಡಲಾರದ ಪಾಟ್ಸ್‌ಡಾಮಿನ ಬಾಲಕನಿಗೆ ದೇವರು ಇತ್ತ ವರವೇ ಬೇರೆಯಾಗಿತ್ತು. ನಮ್ಮ ಮಾಗಡಿಯ ಹೆಣ್ಣುಮಕ್ಕಳಿಗೂ ಆತನು ವರಗಳನ್ನು ಇತ್ತಿದ್ದಾನೆ. ಅವನ್ನು ತಾಳ್ಮೆಯಿಂದ ಹುಡುಕುವುದು ನಮ್ಮ ಹೊಣೆ.