ಎರಡು ವ್ಯಾಕರಣಗಳನ್ನು ಬಲ್ಲ ಗುರು: ತೀ. ನಂ. ಶ್ರೀಕಂಠಯ್ಯನವರು

ಇಂಗ್ಲಿಷ್ ಭಾಷೆಯನ್ನು ಬೋಧಿಸುವ ನಮ್ಮ ಅಧ್ಯಾಪಕರಿಗೆ ಒಂದು ತೊಡಕು ಚಿರಪರಿಚಿತವಾದುದು. ಅಡ್ವೈಸ್, ಫರ್ನಿಚರ್, ಇನ್ಫರ್ಮೇಷನ್ ಮೊದಲಾದ ಶಬ್ದಗಳಿಗೆ ಬಹುವಚನದ ಪ್ರತ್ಯಯ ಹತ್ತದೆಂದು ಎಷ್ಟು ಸಲ ತಿದ್ದಿದರೂ ವಿದ್ಯಾರ್ಥಿಯು ಅದನ್ನು ಹಚ್ಚಿಯೇ ಬರೆಯುತ್ತಾನೆ. ಸಲಹೆಗಳು, ಸುದ್ದಿಗಳು, ಸಾಮಾನುಗಳು ಎಂದು ಕನ್ನಡದಲ್ಲಿ ನಿರಾತಂಕವಾಗಿ ನುಡಿಯುವವನಿಗೆ ಇಂಗ್ಲಿಷಿನ ಈ ನಿಷೇಧ ವಿಚಿತ್ರವೆನಿಸಿದರೆ ಆಶ್ಚರ್ಯವೇನು? ಇಂಥ ಎರಡು ನುಡಿಗಳ ಗಡಿಯಲ್ಲಿ ನಿಂತು, ಎರಡರ ನಡೆಯನ್ನೂ ಬಲ್ಲವರಾಗಿ, ನಮ್ಮ ಮಕ್ಕಳಿಗೆ ಕನ್ನಡ ವ್ಯಾಕರಣವೊಂದನ್ನು ಬರೆದುಕೊಟ್ಟ ಮಹನೀಯರು ತೀರ್ಥಪುರದ ನಂಜುಂಡಯ್ಯನವರ ಮಗ ಶ್ರೀಕಂಠಯ್ಯನವರು. ನಾಡು ಪ್ರೀತಿಯಿಂದ ಕರೆದಂತೆ, ತೀನಂಶ್ರೀ.

ಅವರು ಹುಟ್ಟಿದ್ದು 1906ರಲ್ಲಿ, ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಆ ಹಳ್ಳಿಯ ಹುಡುಗನನ್ನು ವಿದ್ಯೆ ಮೈಸೂರಿಗೆ ಕರೆತಂದಿತು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದೂ ಕನ್ನಡದ ಏಳಿಗೆಯನ್ನೇ ಬಾಳಿನ ವ್ರತವಾಗಿಸಿಕೊಂಡಿದ್ದ ಬಿ. ಎಂ. ಶ್ರೀಕಂಠಯ್ಯನವರ ಶಿಷ್ಯತ್ವ ಅವರಿಗೆ ಲಭಿಸಿತು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾದುದು 1927ರಲ್ಲಿ. ಇಂಗ್ಲಿಷಿನಲ್ಲಿ ಆ ಪದವಿಯನ್ನು ಪಡೆದ ತೀನಂಶ್ರೀ ಕನ್ನಡದಲ್ಲಿಯೂ ಅದನ್ನು ಸಂಪಾದಿಸಿದರು.

ಸಂಸ್ಥಾನದ ಸಿವಿಲ್ ಸರ್ವಿಸ್ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಅವರು ಅಧಿಕಾರದ ಹೊಸ್ತಿಲನ್ನೂ ತುಳಿದರು. ಅಮಲ್ದಾರಿಕೆಯೆಂದರೆ ಆ ಕಾಲದಲ್ಲಿ ಸಾಮಾನ್ಯವೆ? ತಾಲ್ಲೂಕಿಗೇ ದೊರೆಯಂತಿರುವ ಪದವಿ. ಕುಟುಂಬಕ್ಕೆ ಭದ್ರತೆ, ಊರಿಗೆ ಹೆಮ್ಮೆ. ಆದರೂ ಆ ದಾರಿಯನ್ನು ಬಿಟ್ಟು ಅವರು ಪಾಠ ಹೇಳುವ ಕಾಯಕಕ್ಕೆ ಮರಳಿದರು. ಮೊದಲು ಇಂಗ್ಲಿಷಿನ ಅಧ್ಯಾಪಕರು, ಅನಂತರ ಕನ್ನಡದ ಅಧ್ಯಾಪಕರು. ಅಂದು ಅವರು ಕಳೆದುಕೊಂಡುದು ಒಂದು ಕಚೇರಿ. ಕನ್ನಡ ಗಳಿಸಿಕೊಂಡುದು ಒಬ್ಬ ಗುರುವನ್ನು.

1939ರಲ್ಲಿ ಅವರ ಕನ್ನಡ ಮಧ್ಯಮ ವ್ಯಾಕರಣ ಪ್ರಕಟವಾಯಿತು. ಶಾಲೆಯ ಮಕ್ಕಳಿಗಾಗಿ ಬರೆದ ಪುಸ್ತಕವೆಂದು ಇದನ್ನು ಲಘುವಾಗಿ ಎಣಿಸಬಾರದು. ಒಂದು ಕಡೆ ಸಂಸ್ಕೃತ ವ್ಯಾಕರಣದ ಚೌಕಟ್ಟು, ಇನ್ನೊಂದು ಕಡೆ ಇಂಗ್ಲಿಷ್ ವ್ಯಾಕರಣದ ಚೌಕಟ್ಟು. ಇವೆರಡರ ಮಧ್ಯೆ ಕನ್ನಡದ ಸಹಜ ರೂಪವನ್ನು ಎಳೆಯರಿಗೆ ಕಾಣಿಸುವುದು ಸುಲಭದ ಕೆಲಸವಲ್ಲ.

ವಚನವೊಂದನ್ನೇ ನೋಡೋಣ. ಇಂಗ್ಲಿಷಿನ ನಾಮಪದಗಳಲ್ಲಿ ಎಣಿಕೆಗೆ ಸಲ್ಲುವುವು, ಸಲ್ಲದವು ಎಂಬ ಎರಡು ಪಂಗಡಗಳುಂಟು. ರೈಸ್ ಎಂಬುದನ್ನು ಒಂದು, ಎರಡು ಎಂದು ಎಣಿಸಲಾಗದು. ಬಟ್ಟಲನ್ನೋ ಚೀಲವನ್ನೋ ಮುಂದಿಡಬೇಕು. ಪುಸ್ತಕ ಎರಡಾದರೆ ಬುಕ್ಸ್ ಎನ್ನದೆ ಗತಿಯಿಲ್ಲ. ಅಕ್ಕಿಯನ್ನು ನಾವೂ ಸೇರಿನಿಂದ, ಪಾವಿನಿಂದ ಅಳೆದವರೇ ಸರಿ. ಆದರೆ ಹತ್ತು ಮರ, ನೂರು ರೂಪಾಯಿ, ಎರಡು ಪುಸ್ತಕ ಎಂದರೆ ಕನ್ನಡಕ್ಕೆ ಸಾಕು. ಬಹುತ್ವವನ್ನು ಸಂಖ್ಯೆಯೇ ಹೇಳುವುದರಿಂದ ಗಳು ಎಂಬ ಪ್ರತ್ಯಯ ಬಂದರೂ ಸರಿ, ಬಾರದಿದ್ದರೂ ಸರಿ. ಮನುಷ್ಯರ ವಿಷಯ ಹಾಗಲ್ಲ. ಮೂವರು ಹುಡುಗರು ಎನ್ನಬೇಕೇ ಹೊರತು ಮೂವರು ಹುಡುಗ ಎನ್ನುವಂತಿಲ್ಲ. ಒಬ್ಬರೇ ಗುರುಗಳು ಬಂದರೂ ಗೌರವಕ್ಕಾಗಿ ಬಂದರು ಎನ್ನುತ್ತೇವೆ. ವಸ್ತು ಎಣಿಕೆಗೆ ಸಿಕ್ಕುವುದೋ ಇಲ್ಲವೋ ಎಂಬುದು ಇಂಗ್ಲಿಷ್ ಕೇಳುವ ಪ್ರಶ್ನೆಯಾದರೆ, ಹೇಳುತ್ತಿರುವುದು ಮನುಷ್ಯನನ್ನೋ ಇತರ ವಸ್ತುವನ್ನೋ ಎಂಬುದು ಕನ್ನಡ ಮೊದಲು ಕೇಳುವ ಪ್ರಶ್ನೆ. ಇಂಥ ಭೇದಗಳು ತಿಳಿಯಬೇಕಾದರೆ ಎರಡು ನುಡಿಗಳ ಒಳಗೂ ಬಾಳಿರಬೇಕು. ತೀನಂಶ್ರೀ ಹಾಗೆ ಬಾಳಿದವರು.

ಅವರ ಪಾಂಡಿತ್ಯ ವ್ಯಾಕರಣಕ್ಕಷ್ಟೇ ಸೀಮಿತವಾಗಿರಲಿಲ್ಲ. ಒಲುಮೆ ಎಂಬ ಪ್ರೇಮಗೀತೆಗಳ ಸಂಕಲನವನ್ನೂ ನಂಟರು ಎಂಬ ಪ್ರಬಂಧಸಂಗ್ರಹವನ್ನೂ ಅವರು ರಚಿಸಿದರು. ಭರತನಿಂದ ಮೊದಲ್ಗೊಂಡು ಸಂಸ್ಕೃತ ಆಲಂಕಾರಿಕರ ವಿಚಾರಗಳನ್ನೆಲ್ಲ ತಿಳಿಗನ್ನಡದಲ್ಲಿ ನಿರೂಪಿಸಿದ ಭಾರತೀಯ ಕಾವ್ಯಮೀಮಾಂಸೆ ಅವರ ಮೇರುಕೃತಿ. ಅದನ್ನು ಓದದ ಕನ್ನಡ ಎಂ.ಎ. ವಿದ್ಯಾರ್ಥಿ ವಿರಳ. ಧಾರವಾಡದಲ್ಲಿ ಕೆಲವು ವರ್ಷ ಬೋಧಿಸಿ, ಮತ್ತೆ ಮೈಸೂರಿಗೆ ಬಂದು ಕನ್ನಡ ಪ್ರಾಧ್ಯಾಪಕರಾದರು. ಶಾಸನಗಳ ಸಾಂಸ್ಕೃತಿಕ ಅಧ್ಯಯನದಿಂದ ಖ್ಯಾತರಾದ ಎಂ. ಚಿದಾನಂದಮೂರ್ತಿಯವರು ಆ ಸಂಶೋಧನೆಯನ್ನು ನಡೆಸಿದುದು ಇವರ ಮಾರ್ಗದರ್ಶನದಲ್ಲಿಯೇ.

1966ರಲ್ಲಿ, ಅರವತ್ತು ತುಂಬುವ ಮೊದಲೇ, ತೀನಂಶ್ರೀ ತೀರಿಕೊಂಡರು. ಅವರ ಬಾಳಿನಿಂದ ಅಧ್ಯಾಪಕ ವರ್ಗ ಕಲಿಯಬೇಕಾದುದು ಇದು: ಪರಭಾಷೆಯ ನಿಯಮವನ್ನು ಕಲಿಸಹೊರಟವನು ಮೊದಲು ಮಗುವಿನ ಮನೆಮಾತಿನ ನಿಯಮವನ್ನು ಅರಿತಿರಬೇಕು. ತನ್ನ ನುಡಿಗೂ ಒಂದು ಕ್ರಮವುಂಟೆಂದು ತಿಳಿದ ಮಗು ಇನ್ನೊಂದು ನುಡಿಯ ಕ್ರಮಕ್ಕೆ ಅಂಜುವುದಿಲ್ಲ. ಆ ಧೈರ್ಯವನ್ನು ಕನ್ನಡದ ಮಕ್ಕಳಿಗೆ ಕೊಡಲು ದುಡಿದವರ ಹೆಸರನ್ನು ನಾಡು ಮರೆಯಲಾಗದು.